ಡಯಟ್ ಡಬ್ಬವೂ ಮಾರನೇ ದಿನದ ಸಾರೂ

ತೆಳ್ಳಗಾಗಬೇಕೆಂಬ ಆಸೆ ಹೊಟ್ಟೆ ತುಂಬಿದ ಮೇಲೇ ಬರುತ್ತದೆ ಎನ್ನುವುದು ನನ್ನ ಅನುಭವ. ಕಡೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನು ಕಳೆಯುವುದನ್ನು ಮಕ್ಕಳಿಗೆ ಕಲಿಸಬಲ್ಲೆ, ನನ್ನ ಸೊಂಟಕ್ಕಲ್ಲ. ತರೀಕೆರೆಯಿಂದ ಬರುವ ಸಹೋದ್ಯೋಗಿಯೊಬ್ಬರು ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡದ್ದನ್ನು ಕಂಡು ಹೊಟ್ಟೆಕಿಚ್ಚಾಗಿ, ಅವರು ಹೇಳಿದ ಡಯಟ್ ಪುಡಿಯನ್ನೇ ತಂದೆ. ಹಾಲಿಗೆ ಬೆರೆಸಿ ತಿಂಡಿಯ ಬದಲು ಕುಡಿಯಬೇಕೆಂದು ಡಬ್ಬದ ಮೇಲೆ ಬರೆದಿತ್ತು. ಬರೀ ಪುಡಿಯೇ ಇಷ್ಟು ಗುಣ ಮಾಡುವುದಾದರೆ ನಾಲ್ಕು ಇಡ್ಲಿಯ ಆಸರೆಯಿದ್ದರೆ ಇನ್ನೂ ಮಾಡೀತು ಎಂದು ನಾನು ತಿಂಡಿಯಾದ ಮೇಲೆ ಕುಡಿಯುತ್ತಿದ್ದೆ. "ರೀ, ಅದು ಡಯಟ್ಟಲ್ಲ, ಎರಡನೇ ತಿಂಡಿ ಕಣ್ರೀ" ಎಂದು ಹೆಂಡತಿ ಸುಮ ನಗುತ್ತಿದ್ದಳು.

ಹಬ್ಬಕ್ಕೆ ಅಜ್ಜಂಪುರದ ಅತ್ತೆಯ ಮನೆಗೆ ಹೋದಾಗ ಹೊಸದೊಂದು ಡಬ್ಬವೂ ಜೊತೆಗೆ ಬಂತು. ನಾನು ಅಲ್ಲಿಗೆ ಹೋಗುವುದು ಒಬ್ಬಟ್ಟಿಗಿಂತ ಒಬ್ಬಟ್ಟಿನ ಸಾರಿಗೆ, ಅದೂ ಮಾರನೇ ದಿನದ ಸಾರಿಗೆ. ಮತ್ತೆ ಮತ್ತೆ ಕುದಿಸಿದ ಮೇಲೇ ಅದಕ್ಕೆ ನಿಜವಾದ ರುಚಿ. ಹಬ್ಬದ ಮಾರನೇ ದಿನ ಬೆಳಿಗ್ಗೆ ಡಬ್ಬ ಒಡೆದು ಒಂದು ಲೋಟ ಕುಡಿದೆ, ಮಧ್ಯಾಹ್ನ ಸಾರು ಸುರಿದುಕೊಂಡು ಉಂಡೆ. ಸಂಜೆಗೆ ಹೊಟ್ಟೆಯೊಳಗೆ ಹಿಟ್ಟಿನ ಗಿರಣಿ ಶುರುವಾಯಿತು. ವಾಂತಿ, ಭೇದಿ, ಡಾಕ್ಟರರ ಡ್ರಿಪ್ಪು, ಅತ್ತೆಯ ಗಂಜಿ, ನಿಂಬೆಹಣ್ಣು ಹಿಂಡಿದ ಕಪ್ಪು ಕಾಫಿ ಎಲ್ಲವೂ ಆದವು.

"ಅಳಿಯಂಗೆ ಹಳೇ ಸಾರು ಬಡಿಸಿದ್ಯೇನೇ?" ಎಂದು ಪಕ್ಕದ ಮನೆಯ ಗೌರಮ್ಮ ಬಂದು ಕೇಳಿದರು. ಅದೇ ಸಾರು ಉಂಡವರೆಲ್ಲ ಗಟ್ಟಿಮುಟ್ಟಾಗಿ ನನ್ನ ಮಂಚದ ಸುತ್ತ ನಿಂತಿದ್ದರು. "ಅವ್ರಿಗೆಲ್ಲ ರೂಢಿ ಕಣೇ, ಇವ್ರು ಕಡೂರಿನೋರು" ಎಂದರು ಗೌರಮ್ಮ. ಕಡೂರಿಗೂ ಅಜ್ಜಂಪುರಕ್ಕೂ ನಡುವೆ ಸಮುದ್ರವಿದೆಯೆಂದು ನನಗೆ ಅಂದೇ ಗೊತ್ತಾದದ್ದು.

"ಸಾರಲ್ಲ ಅತ್ತೆ, ಆ ಡಬ್ಬದ್ದೇ ಕೆಲಸ" ಎಂದು ನರಳುತ್ತಲೇ ಹೇಳಿದೆ.

"ಸೀಲ್ ಹಾಕಿದ್ ಡಬ್ಬ ಕೆಡ್ತದಾ? ನಂಗೆ ಬೇಜಾರಾಗ್ಬಾರ್ದು ಅಂತ ಹಿಂಗಂತೀರ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಬಡಿಸಿದ್ದನ್ನು ಅಳಿಯ ಹಳಿಯಬಾರದೆಂಬುದು ನಮ್ಮ ಕಡೆಯ ರೀತಿ. ಹಾಗಾಗಿ ನಾನು ಹೇಳಿದ ನಿಜವೆಲ್ಲ ಮರ್ಯಾದೆಯ ಲೆಕ್ಕಕ್ಕೆ ಹೋಯಿತು. ಬೀದಿಯಲ್ಲಿ ಯಾರ ಮನೆ ಹಬ್ಬವಾದರೂ ಹೂರಣದ ಹದ ನೋಡಲು ಅತ್ತೆಯನ್ನೇ ಕರೆಯುತ್ತಿದ್ದವರು ಆಮೇಲೆ ಕರೆಯಲಿಲ್ಲ. "ಇನ್ಮೇಲೆ ಒಬ್ಬಟ್ಟಿನ ಸಾರಿಗೆ ಕೈ ಹಾಕಲ್ಲ" ಎಂದು ಅತ್ತೆ ಹಟ ಹಿಡಿದರು. ನನಗೆ ಭೇದಿಗಿಂತ ಅದೇ ಹೆಚ್ಚು ಸಂಕಟವಾಯಿತು.

ಕೆಲವು ವಾರಗಳಾದ ಮೇಲೆ, ಆ ಡಬ್ಬ ಕೊಂಡಿದ್ದ ಔಷಧಿ ಅಂಗಡಿಯಿಂದ ಮೊಬೈಲಿಗೆ ಸಂದೇಶ ಬಂತು. ಆ ಬ್ಯಾಚಿನ ಡಬ್ಬಗಳಲ್ಲಿ ದೋಷವಿದೆಯಂತೆ, ಯಾರೂ ಕುಡಿಯಬಾರದಂತೆ, ಕಂಪನಿ ಎಲ್ಲವನ್ನೂ ವಾಪಸ್ ತೆಗೆದುಕೊಳ್ಳುತ್ತದಂತೆ. ವಿಷ ಕುಡಿದೆನೆಂದು ತಿಳಿದು ಕುಣಿದಾಡಿದವನು ನಾನೊಬ್ಬನೇ ಇರಬೇಕು. ಸುಮ ಆಗಲೇ ತಾಯಿಗೆ ಫೋನು ಮಾಡಿದಳು.

"ಹಂಗಾದ್ರೆ ನನ್ ಸಾರಿಂದಲ್ವಾ?" ಅತ್ತೆ ಫೋನಿನಲ್ಲೇ ಅತ್ತರು. ಆಮೇಲೆ, "ಡಬ್ಬ ಈಗ್ಲೇ ಕೊಟ್‌ಬಿಡ್ಬೇಡಿ. ಭಾನುವಾರ ತಗೊಂಬನ್ನಿ" ಎಂದರು.

ಭಾನುವಾರ ಹೋದರೆ ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ ಕೂತಿದ್ದರು. ಶನಿವಾರವೇ ಮಾಡಿಟ್ಟ ಒಬ್ಬಟ್ಟಿನ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ಸುಮ ಸಂದೇಶವನ್ನು ಗಟ್ಟಿಯಾಗಿ ಓದಿದಳು. ಡಬ್ಬ ಕೈಯಿಂದ ಕೈಗೆ ಹೋಯಿತು.

"ಓದಿದ್ದೆಲ್ಲ ಸರಿ ಕಣವ್ವ" ಎಂದರು ಗೌರಮ್ಮ. "ಮೊದ್ಲು ಅಳಿಯಂದಿರು ಉಣ್ಲಿ. ಮಧ್ಯಾಹ್ನದ್ ತಂಕ ನೋಡಾನ."

ಬೆಳಿಗ್ಗೆಯೇ ನನ್ನನ್ನು ಎಲೆಯ ಮುಂದೆ ಕೂರಿಸಿದರು. ಉಂಡು, ಗೋಡೆಗೊರಗಿ ಕೂತೆ. ನಾನು ಬಚ್ಚಲ ಕಡೆ ಎದ್ದರೆ ಮಾತು ನಿಲ್ಲುತ್ತಿತ್ತು, ಕೈ ತೊಳೆದು ಬಂದರೆ ಮತ್ತೆ ಶುರುವಾಗುತ್ತಿತ್ತು. ಅತ್ತೆ ಮಾತ್ರ ಸೆರಗು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಮಧ್ಯಾಹ್ನವಾಗುತ್ತಲೇ ನನಗೆ ತಡೆಯಲಾಗಲಿಲ್ಲ. "ಅತ್ತೆ, ಹಸಿವಾಗ್ತಿದೆ. ಇನ್ನೊಂದು ಸಲ ಸಾರು ಹಾಕ್ತೀರಾ?" ಎಂದೆ.

ಗೌರಮ್ಮ ತಾವೂ ಒಂದು ಎಲೆ ಹಾಕಿಕೊಂಡು ಕೂತು, "ನಂಗೂ ಬಡ್ಸೇ" ಎಂದರು. ಅತ್ತೆಯ ಮುಖ ಅರಳಿತು. ನನ್ನ ಹೊಟ್ಟೆಯನ್ನು ನೋಡಿ ಇಷ್ಟು ಜನ ಸಂತೋಷಪಟ್ಟದ್ದು ಅದೇ ಮೊದಲು.