ಬಿಟ್ಟಿ ಸೈಕಲ್ಲಿನ ಪಾಲುದಾರರು

ಸೈಕಲ್ ಅಂಗಡಿಯ ಕಡೆ ತಲೆ ಹಾಕದೆ, ಯಾರಿಗೂ ಏನೂ ಕೊಡದೆ, ಒಂದು ಪೂರಾ ಸೈಕಲ್ ಕಟ್ಟಿ ನಿಲ್ಲಿಸುತ್ತೇನೆಂದು ಸುಬ್ಬರಾಯಪ್ಪ ಘೋಷಿಸಿದ್ದು ೧೯೮೩ರ ದಸರಾ ಮುಗಿದ ವಾರ. ಆ ಘನಘೋಷಣೆ ಕೇಳಲು ಮನೆಯಲ್ಲಿ ಗೋಡೆಗಳು ಬಿಟ್ಟರೆ ಯಾರೂ ಇರಲಿಲ್ಲ. ಶಿರಾ ಕಡೆಯ ಈ ಫಿಟ್ಟರ್‌ಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ, ಉರಿಗಾಂನಲ್ಲಿ ಗಣಿಯವರು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿ ವಾಸ. ಹೆಂಡತಿ ಆದಿಲಕ್ಷ್ಮಿ ಕಾಮಸಮುದ್ರದ ಶಾಲೆಯಲ್ಲಿ ಟೀಚರ್, ಅಲ್ಲೇ ಒಂದು ಕೋಣೆ. ಮದುವೆಯಾಗಿ ಒಂದೂವರೆ ವರ್ಷ. ಸಂಸಾರ ಮಾತ್ರ ಭಾನುವಾರದ್ದು. ಅದೂ ಬಸ್ಸಿನ ದಯೆ! ಬಸ್ಸು ಕೈಕೊಟ್ಟರೆ ಗಂಡ ಒಂದು ಊರಲ್ಲಿ, ಹೆಂಡತಿ ಒಂದು ಊರಲ್ಲಿ ಒಬ್ಬೊಬ್ಬರೇ ಉಣ್ಣಬೇಕು. ಒಂಟಿ ಊಟ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಲೈನಿನ ಹಿತ್ತಿಲುಗಳಲ್ಲಿ ಸೈಕಲ್ಲಿನ ಅವಶೇಷಗಳಿಗೇನು ಬರವೇ? ಗಣಿಯಿಂದ ನಿವೃತ್ತನಾದ ಪೆರುಮಾಳ್ ಕೋಳಿಗೂಡಿನ ಮೇಲಿಂದ ಹಸಿರು ಫ್ರೇಮ್ ಇಳಿಸಿಕೊಟ್ಟ. ಹಾಲು ಹಾಕುವ ಚಿಕ್ಕವೆಂಕಟಪ್ಪ ಎರಡು ಚಕ್ರ ಕೊಟ್ಟ, ಒಂದು ದೊಡ್ಡದು, ಒಂದು ಚಿಕ್ಕದು. ಪಕ್ಕದ ಮನೆಯ ಮುನಿರತ್ನಮ್ಮ ಹ್ಯಾಂಡಲ್ಲು, ಸೀಟು, ಬೆಲ್ಲು ಕೊಟ್ಟು ಧಾರಾಳತನ ಮೆರೆದರು. ಸುಬ್ಬರಾಯಪ್ಪ ಎಲ್ಲರಿಗೂ ಕೈಮುಗಿದ. ಒಂದು ಬೀಡಿಕಟ್ಟನ್ನೂ ಕೊಡಲಿಲ್ಲ. ಸೈಕಲ್ಲು ಮುಂದಕ್ಕೆ ಬಗ್ಗಿಕೊಂಡು ನಿಂತಿತು, ಆದರೂ ಓಡಿತು. ಕೂಡಲೇ ಹೆಂಡತಿಗೆ ಕಾಗದ ಬರೆದ: "ಭಾನುವಾರ ಬೀದಿಯಲ್ಲಿ ಬೆಲ್ಲು ಕೇಳಿದರೆ ನಾನೇ ಅಂತ ತಿಳಿ. ಇನ್ನು ಬಸ್ಸಿನ ಮುಖ ನೋಡುವವನಲ್ಲ."

ಭಾನುವಾರ ಕ್ರಾಪು ತೀಡಿಕೊಂಡು ಹೊರಗೆ ಬಂದರೆ ಪೆರುಮಾಳ್ ಸೈಕಲ್ ತಳ್ಳಿಕೊಂಡು ಹೊರಟಿದ್ದ.

"ಎಲ್ಲಿಗೆ ಪೆರುಮಾಳ್?"

"ಮಾರ್ಕೆಟ್ಟಿಗೆ ಸಾರ್. ಫ್ರೇಮು ನಮ್ದು ಅಲ್ವಾ?"

"ನನಗೆ ಕೊಟ್ಟಿದ್ರಲ್ಲ?"

"ಕೊಟ್ಟೆ ಸಾರ್. ಸುಮ್ನೆ ಕೊಟ್ಟೆ." ಪೆರುಮಾಳ್ ಹತ್ತಿಕೊಂಡು ಹೋಗಿಯೇಬಿಟ್ಟ.

ಹೊರಗೆ ಒರಳಿನ ಮುಂದೆ ಕೂತಿದ್ದ ಮುನಿರತ್ನಮ್ಮ ಲೈನಿನ ಕಾನೂನು ತಿಳಿಸಿದರು. "ಈ ಒರಳು ನೋಡಪ್ಪ, ಯಾರೋ ಸುಮ್ನೆ ಕೊಟ್ಟೋದ್ರು. ಅದ್ಕೇ ಎಲ್ರೂ ರುಬ್ತೀವಿ. ಸುಮ್ನೆ ಕೊಟ್ಟಿದ್ದು ಲೈನಿಗೆಲ್ಲಾ ಸೇರ್ತದೆ. ಒಂದು ಬೀಡಿಕಟ್ಟು ಕೊಟ್ಟು ತಗೊಂಡಿದ್ರೆ ನಿಂದಾಗ್ತಿತ್ತು."

"ಈಗಲೇ ತಂದು ಕೊಡ್ತೀನಿ, ಅಮ್ಮ."

"ಈಗ್ಯಾಕೆ? ಕೊಟ್ಟಾಗೋಯ್ತಲ್ಲ."

ಮುಂದಿನ ಭಾನುವಾರ ಹ್ಯಾಂಡಲ್ಲಿನ ಹಕ್ಕಿನಲ್ಲಿ ಮುನಿರತ್ನಮ್ಮನ ತಮ್ಮ ಸೈಕಲ್ಲನ್ನು ಬಂಗಾರಪೇಟೆಗೆ ಒಯ್ದ. ಮೂರನೆಯ ಭಾನುವಾರ ಚಕ್ರಾಧಿಪತಿ ಚಿಕ್ಕವೆಂಕಟಪ್ಪ ಹಸು ನೋಡಿ ಬರುತ್ತೇನೆಂದು ಬೆಳಿಗ್ಗೆಯೇ ಏರಿ ಹೊರಟ. ಬಸ್ಸು ಹತ್ತಬಹುದಿತ್ತು. ಆದರೆ ಬಸ್ಸಿನ ಮುಖ ನೋಡುವುದಿಲ್ಲ ಅಂತ ಬರೆದಾಗಿದೆ, ಹೆಂಡತಿಯ ಮುಂದೆ ಮಾತು ನುಂಗುವುದು ಹೇಗೆ? ಪ್ರತಿ ವಾರವೂ "ಬರುವ ಭಾನುವಾರ ಖಂಡಿತ" ಎಂದು ಕಾರ್ಡು ಹಾಕಿ, ತಣ್ಣಗಾದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಂಡ. ಲೈನಿನಲ್ಲಿ ಎಲ್ಲರ ಮನೆಯಿಂದಲೂ ಮಾತು ಕೇಳುತ್ತಿತ್ತು. ಅವನಿಗೆ ಅಳು ಬಂದಂತಾಗಿ, ಎದ್ದು ಸುಮ್ಮನೆ ಪಾತ್ರೆ ತೊಳೆದ.

ಆ ಮೂರನೆಯ ಭಾನುವಾರ ಸಂಜೆ ಚಿಕ್ಕವೆಂಕಟಪ್ಪ ಸೈಕಲ್ ತಂದು ನಿಲ್ಲಿಸಿದ. ಮುಖದಲ್ಲಿ ತೃಪ್ತಿಯೋ ತೃಪ್ತಿ.

"ಹಸು ಸಿಕ್ತಾ?"

"ಇಲ್ಲ ಸಾ. ಅಸು ನೋಡಕ್ಕೆ ಕಾಮಸಮುದ್ರಕ್ಕೇ ಓಗಿದ್ದೆ. ನಿಮ್ಮ ಮನೆಯೋರನ್ನ ನೋಡ್ದೆ."

ಸುಬ್ಬರಾಯಪ್ಪ ಕೈಯಲ್ಲಿದ್ದ ಚೊಂಬು ಕೆಳಗಿಟ್ಟ.

"ಬೀದೀಲಿ ಬೆಲ್ ಒಡ್ದೆ. ಕೈಯೆಲ್ಲಾ ಮೈದಾ ಇಟ್ಟು ಮಾಡ್ಕಂಡು ಓಡ್ ಬಂದ್ರು ಪಾಪ. ನನ್ನ ನೋಡಿ ಅಂಗೇ ನಿಂತ್ಬಿಟ್ರು. ಆಮ್ಯಾಕೆ ಒಳಕ್ಕೆ ಕರ್ದು ಊಟಕ್ಕಿಕ್ಕಿದ್ರು. ಒಬ್ಬಟ್ಟು ಸಾ. ಇಬ್ರಿಗೆ ಮಾಡಿದ್ರು. ಅವ್ರಿಗೆ ಅಸಿವಿಲ್ಲ ಅಂದ್ರು, ಇಬ್ರದೂ ನಾನೇ ಉಂಡೆ."

"ಏನಾದ್ರೂ ಹೇಳಿದ್ರಾ?"

"ಚೀಟಿ ಕೊಟ್ಟವ್ರೆ."

ಟೀಚರಮ್ಮನ ದುಂಡು ಅಕ್ಷರ. ಸುಬ್ಬರಾಯಪ್ಪ ದೀಪದ ಹತ್ತಿರ ಹೋಗಿ ಓದಿದ:

"ಸೈಕಲ್ಲು ಸುಖವಾಗಿ ಬಂದು ತಲುಪಿತು. ಊಟ ಹಾಕಿ ಕಳಿಸಿದ್ದೇನೆ. ಬರುವ ಭಾನುವಾರ ಅದನ್ನು ಕಳಿಸಬೇಡಿ. ನೀವು ಬನ್ನಿ."