ಒಂದೇ ಗುಂಡಿಗೆ ಎಂಟು ಸಸಿ

ಪರಿಸರದ ಕಡತ ನನ್ನ ಕೈಗೆ ಬಂದ ಮೇಲೆ ನಗುವುದಕ್ಕೆ ಅಂತ ನಾನು ಬೇರೆಲ್ಲೂ ಹೋಗಿಲ್ಲ. ಮಂಗಳವಾರ ಒಂದು, ಶುಕ್ರವಾರ ಇನ್ನೊಂದು, ಕೂತಲ್ಲಿಗೇ ಬರುತ್ತದೆ. ನಾನು ವಾರ್ಡು ಮಟ್ಟದ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತೆ. ನೀರು, ಮರ, ಕೆರೆ ಅಂತ ಮೇಲಿನಿಂದ ಯಾವ ನೀತಿ ಇಳಿದರೂ ಅದು ನಾಲ್ಕು ಮೇಜು ದಾಟಿ ಕೊನೆಗೆ ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ. ಅದರ ಮುಂದೆ ‘ಜಾರಿಗೊಳಿಸಲಾಗಿದೆ’ ಎಂದು ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿದೆ ಅನ್ನುವುದೊಂದೇ ಕಾರಣಕ್ಕೆ ಈ ಕೆಲಸ ನನಗೆ ಅಂಟಿಕೊಂಡಿತು.

೧. ಮೊಮ್ಮಕ್ಕಳ ಪಾಲು

ಒಮ್ಮೆ ದಪ್ಪನೆಯ ಪುಸ್ತಕವೊಂದು ಬಂತು: ‘ಪ್ರಾದೇಶಿಕ ಸುಸ್ಥಿರ ಅಭಿವೃದ್ಧಿ ಹಾಗೂ ನೈಸರ್ಗಿಕ ಸಂಪನ್ಮೂಲ ನಿರ್ವಹಣಾ ನೀತಿ’. ಜನರಿಗೆ ತಿಳಿಸಿ ಹೇಳಿ, ಫೋಟೊ ಕಳಿಸಿ ಎಂದು ಜೊತೆಗೊಂದು ಪತ್ರ. ಮೂಡಲಪಾಳ್ಯದ ಒಂದು ಪುಟ್ಟ ಪಾರ್ಕಿನಲ್ಲಿ ಸಭೆ ಕರೆದೆವು. ನಮ್ಮ ಸಾಹೇಬರು ಪುಸ್ತಕದ ಹೆಸರು ಓದಿ ಮುಗಿಸುವಷ್ಟರಲ್ಲಿ ಒಮ್ಮೆ ನೀರು ಕುಡಿದರು.

ಮುಂದಿನ ಕುರ್ಚಿಯಲ್ಲಿ ಗೌಡರು ಕೂತಿದ್ದರು. ಊರು ಊರಾಗಿದ್ದಾಗಿನಿಂದ ಇರುವ ಮನೆತನ. ಇವತ್ತು ಮೂರು ಬೀದಿ ಮನೆಗಳಿರುವ ಕಡೆ ಒಂದು ಕಾಲಕ್ಕೆ ಅವರ ರಾಗಿ ಹೊಲವಿತ್ತು. ಅವರು ಎದ್ದು ಕೇಳಿದರು: “ಸುಸ್ಥಿರ ಅಂದ್ರೆ ಏನ್ ಸಾರ್? ಸ್ವಲ್ಪ ಬಿಡಿಸಿ ಹೇಳಿ.”

ಸಾಹೇಬರು ನನ್ನ ಮುಖ ನೋಡಿದರು. ನಾನು ಎದ್ದೆ. “ಇರೋದನ್ನೆಲ್ಲ ನಾವೇ ಮುಗಿಸದೆ ಮೊಮ್ಮಕ್ಕಳಿಗೂ ಉಳಿಸೋದು, ಗೌಡ್ರೇ.”

“ಅಷ್ಟೇನಾ? ಅದನ್ನ ನಾನು ಆಗ್ಲೇ ಮಾಡಿದೀನಲ್ಲಮ್ಮ! ಮೂರು ಮೊಮ್ಮಕ್ಕಳು, ಮೂರು ಸೈಟು.”

ಸಾಹೇಬರೇ ಚಪ್ಪಾಳೆ ಶುರುಮಾಡಿದರು. “ನೋಡಿ, ಸಮಾಜಕ್ಕೆ ಇಂಥೋರು ಬೇಕು. ಎಲ್ಲಿವೆ ಗೌಡ್ರೇ ಸೈಟುಗಳು?”

“ಇಲ್ಲೇ ಸಾರ್, ಹಳೇ ಕೆರೆ ಒಳಗೆ.”

ಚಪ್ಪಾಳೆ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಇನ್ನೊಬ್ಬರು ಕೈ ಎತ್ತಿದರು. ಪಾರ್ಕಿನ ಗೇಟಿನ ಪಕ್ಕ ಗಾಡಿ ಇಟ್ಟುಕೊಂಡಿರುವ ಇಸ್ತ್ರಿ ಅಣ್ಣ. ಕೈಯಲ್ಲಿ ಕೆಂಡದ ಪೆಟ್ಟಿಗೆ, ನೆತ್ತಿಯ ಮೇಲೆ ಬಿಸಿಲು, ಗಾಡಿಗೆ ಕಟ್ಟಿದ ಕೊಡೆಯಲ್ಲಿ ನಾಲ್ಕು ತೂತು. ಹಿಂದಿನ ಬೇಸಿಗೆಯಲ್ಲಿ ತಲೆ ಸುತ್ತಿ ಬಿದ್ದು, ಯಾರದ್ದೋ ಮದುವೆ ಪ್ಯಾಂಟು ಸುಟ್ಟು, ಒಂದು ತಿಂಗಳು ಮಾತು ಕೇಳಿದ್ದ. “ಸಾರ್, ನನಗೆ ಮೊಮ್ಮಕ್ಕಳ ಕಾಲಕ್ಕೆಲ್ಲ ಬೇಡ. ಈ ಗಾಡಿ ಹತ್ರ ಒಂದ್ ಮರದ ನೆರಳಾದ್ರೆ ಸಾಕು. ಇನ್ನೊಂದು ಬೇಸಿಗೆ ಹಿಂಗೇ ಆದ್ರೆ ಗಾಡಿ ಮಾರ್ಕೊಂಡು ಹೋಗ್ಬೇಕಾಗುತ್ತೆ.”

ಸಾಹೇಬರು ಪುಸ್ತಕದ ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚಿ ಬೇಸರದಿಂದ ಹೇಳಿದರು: “ನೆರಳು ಅಂತ ಇದರಲ್ಲಿ ಎಲ್ಲೂ ಬಂದಿಲ್ಲವಲ್ರೀ.”

೨. ನೀಲಿ ಡ್ರಮ್ಮು

ಆ ವರ್ಷವೇ ಮನೆಮನೆಗೆ ಹೋಗಿ ಮಳೆ ಕೊಯ್ಲು ಪರಿಶೀಲಿಸಬೇಕು ಎಂದು ಆದೇಶ ಬಂತು. ಪಾರ್ಕಿನ ಬೀದಿಯಿಂದಲೇ ಶುರುಮಾಡಿದೆವು. ಮೊದಲನೆಯದು ಗೌಡರ ಬಾಡಿಗೆ ಕಟ್ಟಡ. ಮಹಡಿಯಿಂದ ಇಳಿದ ಪೈಪು, ಅದರ ಕೆಳಗೆ ನೀಲಿ ಡ್ರಮ್ಮು, ಡ್ರಮ್ಮಿನ ಮೇಲೆ ಗಣೇಶನ ಸ್ಟಿಕ್ಕರು. ‘ಇದೆ’ ಎಂದು ಬರೆದುಕೊಂಡೆ. ಎರಡನೆಯ ಮನೆಯಲ್ಲೂ ನೀಲಿ ಡ್ರಮ್ಮು. ಮೂರನೆಯ ಮನೆಯಲ್ಲೂ ಅದೇ ನೀಲಿ, ಮೇಲೆ ಅದೇ ಗಣೇಶ, ಅದೇ ಹರಿದ ಸೊಂಡಿಲು. ಪಾಪ, ಗಣೇಶನಿಗೂ ಏದುಸಿರು ಬಂದಂತೆ ಕಂಡಿತು.

ನಾನು ಸುಮ್ಮನೆ ಸಾಹೇಬರನ್ನು ಕರೆದುಕೊಂಡು ನಾಲ್ಕನೆಯ ಮನೆ ಬಿಟ್ಟು ಐದನೆಯದಕ್ಕೆ ನುಗ್ಗಿದೆ. ಅಲ್ಲಿನ ಆಂಟಿ ಗಾಬರಿಯಾಗಿ ಬಾಗಿಲಿಗೆ ಅಡ್ಡ ನಿಂತರು. “ಐದ್ ನಿಮಿಷ ಕೂತ್ಕೊಳ್ಳಿ ಮೇಡಂ, ಕಾಫಿ ತರ್ತೀನಿ. ನಮ್ಮ ಮಳೆ ಕೊಯ್ಲು ಇನ್ನೂ ಪಕ್ಕದ್ಮನೇಲಿದೆ.”

ಸಂಜೆ ಹೊತ್ತಿಗೆ ಆ ಡ್ರಮ್ಮು ಬೀದಿಯ ತುದಿಯಲ್ಲಿ ಅನಾಥವಾಗಿ ನಿಂತಿತ್ತು. ಇಸ್ತ್ರಿ ಅಣ್ಣ ಅದನ್ನು ಉರುಳಿಸಿಕೊಂಡು ಹೋಗಿ ಪಾರ್ಕಿನ ಪಂಪ್ ಕೋಣೆಯ ಸೂರಿನಡಿ ಇಟ್ಟ. ಮಳೆ ಬಂದಾಗ ತುಂಬಿತು. ಆ ಬೀದಿಯಲ್ಲಿ ನಿಜವಾಗಿ ಮಳೆ ನೀರು ಹಿಡಿದವನು ಅವನೊಬ್ಬನೇ. ಅಲ್ಲಿ ಅವನಿಗೆ ಮನೆ ಇಲ್ಲದ್ದರಿಂದ ನಮ್ಮ ಪಟ್ಟಿಯಲ್ಲಿ ಅವನೊಬ್ಬನ ಹೆಸರೇ ಇಲ್ಲ.

೩. ಗುಂಡಿಯ ಮಹಿಮೆ

ಪ್ರತಿ ಜೂನ್‌ನಲ್ಲಿ ಪರಿಸರ ದಿನಕ್ಕೆ ಅದೇ ಪಾರ್ಕಿನ ಮುಂದೆ ಗಣ್ಯರೊಬ್ಬರು ಬಂದು ಸಸಿ ನೆಡುತ್ತಾರೆ. ಇಸ್ತ್ರಿ ಅಣ್ಣನ ಗಾಡಿಯಿಂದ ಎರಡೇ ಹೆಜ್ಜೆ. ಹಾಗಾದರೆ ನೆರಳಿಗೇನು ಕೊರತೆ ಅಂತ ಕೇಳುತ್ತೀರಿ. ಉಳಿದ ಫುಟ್‌ಪಾತಿಗೆಲ್ಲ ಟೈಲ್ಸ್ ಹಾಕಿದೆ. ಅದನ್ನು ಅಗೆಯಬೇಕಾದರೆ ಇನ್ನೊಂದು ಕಚೇರಿಯ ಅಪ್ಪಣೆ ಬೇಕು. ಮಣ್ಣು ಕಾಣುವುದು ಒಂದೇ ಗುಂಡಿಯಲ್ಲಿ. ಅಲ್ಲಿಯವರೆಗೂ ಗಣ್ಯರ ಕಾರು ಬರುತ್ತದೆ, ಫೋಟೊದಲ್ಲಿ ಪಾರ್ಕಿನ ಬೋರ್ಡೂ ಬೀಳುತ್ತದೆ. ಹಾಗಾಗಿ ಪ್ರತಿ ವರ್ಷವೂ ಅದೇ ಗುಂಡಿ.

ಹೊಸ ಸಸಿಗೆ ಜಾಗ ಬೇಕಲ್ಲ? ಹಿಂದಿನ ದಿನ ನಮ್ಮ ಮಾಲಿ ಬಂದು ಹೋದ ವರ್ಷದ ಸಸಿಯನ್ನು ಕಿತ್ತು ಗುಂಡಿ ಚೊಕ್ಕ ಮಾಡುತ್ತಾನೆ. ಇಸ್ತ್ರಿ ಅಣ್ಣ ಡ್ರಮ್ಮಿನ ನೀರು ಹಾಕಿ ಸೊಂಟದೆತ್ತರ ಬೆಳೆಸಿದ ಹೊಂಗೆಯೂ ಹಾಗೇ ಹೋಯಿತು. ಅವನು ಅಡ್ಡ ಬಂದ. “ಅಣ್ಣಾ, ಇದು ಚೆನ್ನಾಗಿ ಬಂದಿದೆ, ಬಿಟ್ಬಿಡೋ.”

“ನಾನೇನು ಮಾಡ್ಲಿ ಗುರು? ನಾಳೆ ಇಲ್ಲಿ ಹಸಿರು ಮಾಡ್ಬೇಕು,” ಎಂದು ಮಾಲಿ ಕಿತ್ತ.

ಮಾರನೆಯ ದಿನ ನಾನು ರಿಜಿಸ್ಟರಿನಲ್ಲಿ ಬರೆದೆ: ‘ಸ್ಥಳ: ಪಾರ್ಕಿನ ಗೇಟು. ಸಸಿ: ಒಂದು. ಸ್ಥಿತಿ: ಜೀವಂತ.’ ಹಳೆಯವನ್ನು ‘ಸತ್ತಿದೆ’ ಎಂದು ತಿದ್ದಲು ಹೋದರೆ ಸಾಹೇಬರು ತಡೆದರು. “ಸಾಯಿಸ್ಬೇಡ್ರೀ. ಒಂದೊಂದು ಸಾವಿಗೂ ಮೂರು ಪ್ರತಿ ವಿವರಣೆ ಕೊಡ್ಬೇಕು.” ಹೀಗೆ ವರ್ಷಗಳು ಕಳೆದು, ನನ್ನ ದುಂಡನೆಯ ಅಕ್ಷರದಲ್ಲಿ ಆ ಒಂದು ಗುಂಡಿಯೊಳಗೆ ಎಂಟು ಸಸಿಗಳು ಆರೋಗ್ಯವಾಗಿದ್ದವು.

೪. ಚುನಾವಣೆಯ ಉಪಕಾರ

ಆಮೇಲೆ ಒಂದು ವರ್ಷ ಚುನಾವಣೆ ಬಂತು. ನೀತಿ ಸಂಹಿತೆ ಜಾರಿಯಲ್ಲಿದ್ದುದರಿಂದ ಗಣ್ಯರು ಸಮಾರಂಭಕ್ಕೆ ಬರುವಂತಿಲ್ಲ. ಗಣ್ಯರಿಲ್ಲದೆ ಪರಿಸರ ದಿನ ಹೇಗೆ? ಸಮಾರಂಭ ರದ್ದಾಯಿತು, ಮಾಲಿ ಆಗಲೇ ಹಳೆಯ ಸಸಿ ಕಿತ್ತು ಚೊಕ್ಕ ಮಾಡಿದ್ದ ಗುಂಡಿ ಖಾಲಿ ಉಳಿಯಿತು. ಪಾರ್ಕಿನ ಗೋಡೆಯ ಬಿರುಕಿನಲ್ಲಿ ಹಕ್ಕಿ ಹಾಕಿದ ಗಸಗಸೆ ಹಣ್ಣಿನ ಗಿಡವೊಂದು ಇತ್ತು. ಇಸ್ತ್ರಿ ಅಣ್ಣ ಅದನ್ನು ಬೇರು ಸಮೇತ ಬಿಡಿಸಿ ಗುಂಡಿಯಲ್ಲಿಟ್ಟ. ಆ ಗಿಡ ಎಷ್ಟು ಬೇಗ ಬೆಳೆಯುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮುಂದಿನ ಬೇಸಿಗೆಗೆ ಗಾಡಿಯ ಕೊಡೆಯನ್ನೂ ದಾಟಿ ಕೊಂಬೆ ಚಾಚಿತು. ಅಣ್ಣ ತೂತು ಕೊಡೆ ಬಿಚ್ಚಿಟ್ಟ. ನಾನೂ ಮಧ್ಯಾಹ್ನ ಅಲ್ಲಿ ಎರಡು ನಿಮಿಷ ನಿಂತು ಹೋಗುವುದು ರೂಢಿಯಾಯಿತು.

ಮತ್ತೆ ಜೂನ್ ಹತ್ತಿರ ಬಂತು. ಸಾಹೇಬರು ಸ್ಥಳ ನೋಡಲು ಬಂದು ಹೌಹಾರಿದರು. “ಗುಂಡಿ ಎಲ್ಲಿ?”

“ಅದರಲ್ಲಿ ಮರ ಇದೆ, ಸಾರ್.”

“ಯಾರು ನೆಟ್ಟಿದ್ದು? ನಮ್ಮ ರಿಜಿಸ್ಟರಲ್ಲಿ ಇದೆಯಾ?”

“ಇಲ್ಲ, ಸಾರ್. ರಿಜಿಸ್ಟರಲ್ಲಿ ಇರೋವು ಇಲ್ಲಿಲ್ಲ, ಇಲ್ಲಿರೋದು ರಿಜಿಸ್ಟರಲ್ಲಿಲ್ಲ.”

“ಹಾಗಾದ್ರೆ ಇದು ಅನಧಿಕೃತ ಮರ. ಸೋಮವಾರ ತೆಗೆಸಿ, ಸಸಿ ನೆಡ್ಬೇಕು.”

ಇಸ್ತ್ರಿ ಅಣ್ಣನ ಕೈ ನಿಂತುಹೋಯಿತು. ಶರ್ಟು ಸೀದ ವಾಸನೆ ಬಂದ ಮೇಲೇ ಪೆಟ್ಟಿಗೆ ಎತ್ತಿದ. ಆಗ ಶರ್ಟಿನ ಯಜಮಾನರಾದ ಗೌಡರೇ ಅಲ್ಲಿಗೆ ಬಂದರು. ವಿಷಯ ಕೇಳಿ ನಮ್ಮ ಸಾಹೇಬರಿಗೆ ದಬಾಯಿಸಿದರು. “ಏನ್ ಸಾರ್ ಇದು? ಕೆರೆ ಒಳಗೆ ನಿಂತಿರೋ ನನ್ನ ಮೂರು ಸೈಟನ್ನೇ ಸಕ್ರಮ ಮಾಡಿಸ್ತೀನಿ ಅಂತ ಓಡಾಡ್ತಿದೀನಿ. ಮಣ್ಣಲ್ಲಿ ನಿಂತಿರೋ ಮರನ ಸಕ್ರಮ ಮಾಡಕ್ಕಾಗಲ್ವಾ ನಿಮಗೆ?”

೫. ಒಂಬತ್ತನೆಯದು

ಸೋಮವಾರ ಬಂತು. ಮಾಲಿ ಕೊಡಲಿ ಹಿಡಿದು ನಿಂತಿದ್ದ. ಮರಕ್ಕೆ ಏಟು ಬೀಳುವ ಮೊದಲೇ ಒಂದು ಜೀಪು ಬಂದು ನಿಂತಿತು. ಮೇಲಿನ ಕಚೇರಿಯ ತನಿಖಾಧಿಕಾರಿ. ನೆಟ್ಟ ಸಸಿಗಳು ಬದುಕಿವೆಯೇ ಎಂದು ಎಣಿಸುವುದಕ್ಕೆ, ಮುಂಚೆ ತಿಳಿಸದೆ ಬಂದಿದ್ದರು. ರಿಜಿಸ್ಟರು ನನ್ನ ಕಂಕುಳಲ್ಲೇ ಇತ್ತು, ಬಿಡಿಸಿ ಹಿಡಿದೆ.

ಅವರು ಬೆರಳಿಟ್ಟು ಓದಿದರು. “ಪಾರ್ಕಿನ ಗೇಟು. ಎಂಟು ಸಸಿ. ಎಂಟೂ ಜೀವಂತ. ಒಳ್ಳೇದು. ಎಲ್ಲಿ?”

ಸಾಹೇಬರು ಆಕಾಶ ನೋಡಿದರು. ನಾನು ಸಾಹೇಬರನ್ನು ನೋಡಿದೆ. ಮಾಲಿ ಕೊಡಲಿಯನ್ನು ಬೆನ್ನ ಹಿಂದೆ ಸರಿಸಿದ.

“ಒಂದೇ ಕಾಣ್ತಿದೆಯಲ್ಲಮ್ಮ. ಉಳಿದ ಏಳು?”

ಇಸ್ತ್ರಿ ಅಣ್ಣ ಪೆಟ್ಟಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು ಮುಂದೆ ಬಂದ. “ಎಲ್ಲಾ ಒಂದೇ ಗುಂಡೀಲಿ ನೆಟ್ಟಿದ್ದು, ಸಾರ್. ಜಾಗ ಸಾಲ್ದೆ ಒಟ್ಟಿಗೇ ಬೆಳ್ಕೊಂಡಿವೆ. ಕೊಂಬೆ ಎಣಿಸ್ಕೊಳ್ಳಿ.”

ಅಧಿಕಾರಿ ಅವನನ್ನು ನೋಡಿದರು. ಕೊಡಲಿ ನೋಡಿದರು. ಆಮೇಲೆ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡು, ನಿಧಾನವಾಗಿ ಮರದ ನೆರಳಿಗೆ ಸರಿದು ನಿಂತರು. ಬೆಳಗ್ಗೆಯಿಂದ ಇನ್ನೆಷ್ಟು ಖಾಲಿ ಗುಂಡಿ ನೋಡಿ ಬಂದಿದ್ದರೋ ಏನೋ. ತಲೆ ಎತ್ತಿ, ಬಾಯಿಬಿಟ್ಟು ಎಣಿಸಿದರು: “ಒಂದು, ಎರಡು, ಮೂರು… ಎಂಟು, ಒಂಬತ್ತು. ಒಂದು ಹೆಚ್ಚಿಗೆ ಇದೆಯಲ್ರೀ?”

“ಅದು ಅನಧಿ…” ಎಂದು ಸಾಹೇಬರು ಬಾಯಿ ತೆಗೆದರು. ನಾನು ರಿಜಿಸ್ಟರಿನಿಂದ ಅವರ ಮೊಣಕೈ ತಿವಿದೆ.

“ಅದು ಈ ವರ್ಷದ್ದು, ಸಾರ್,” ಎಂದ ಇಸ್ತ್ರಿ ಅಣ್ಣ. “ಗಣ್ಯರಿಗೆ ತೊಂದ್ರೆ ಆಗ್ಬಾರ್ದು ಅಂತ ಮುಂಚೆನೇ ಬಂದ್ಬಿಟ್ಟಿದೆ.”

ಅಧಿಕಾರಿ ನಗಲಿಲ್ಲ. ನನ್ನ ಪೆನ್ನನ್ನೇ ಇಸಿದುಕೊಂಡು ‘ಗುರಿ ಮೀರಿದ ಸಾಧನೆ. ಈ ಮರಕ್ಕೆ ಕೈ ಹಚ್ಚಕೂಡದು’ ಎಂದು ಬರೆದು ಸಹಿ ಹಾಕಿದರು. ಇನ್ನೂ ಹತ್ತು ನಿಮಿಷ ನೆರಳಲ್ಲೇ ನಿಂತಿದ್ದು, ಆಮೇಲೆ ಜೀಪು ಹತ್ತಿದರು.

ಆ ಸಲ ಗಣ್ಯರು ಬಂದು ಒಂಬತ್ತನೆಯ ಕೊಂಬೆಗೆ ಹಾರ ಹಾಕಿ ಫೋಟೊ ತೆಗೆಸಿಕೊಂಡರು. ಮರ ನಿಂತಿದೆ, ಗಾಡಿಯೂ ನಿಂತಿದೆ. ಅಣ್ಣ ಗಾಡಿ ಮಾರುವ ಮಾತೆತ್ತಿಲ್ಲ. ಈಗ ಮತ್ತೆ ಜೂನ್ ಬರುತ್ತಿದೆ. ಮೊನ್ನೆ ನಾನು ಆಫೀಸಿಗೆ ಹೋಗುವಾಗ ಅವನು ದೂರದಿಂದಲೇ ಕೈಬೀಸಿ ಕರೆದ:

“ಮೇಡಂ, ಈ ವರ್ಷದ ಸಸಿ ಮೇಲ್ಗಡೆ ಎಡಕ್ಕೆ ಚಿಗುರಿದೆ, ಬರ್ಕೊಂಡ್ಬಿಡಿ!”