ಸಿಂಹದ ನಾಡಿಗೆ ಹೊರಟವರಿಗೆ ನನ್ನ ಬುದ್ಧಿಮಾತು

ನೋಯ್ಡಾದ ಸಣ್ಣ ಟ್ರಾವೆಲ್ ಆಫೀಸೊಂದರಲ್ಲಿ ನನ್ನ ಕೆಲಸ. ಮೊದಲ ಸಲ ಕೀನ್ಯಾದ ಕಾಡು ನೋಡಲು ಹೊರಟವರನ್ನು ಶನಿವಾರ ಕೂರಿಸಿಕೊಂಡು, ಏನು ಉಡಬೇಕು, ಏನು ಮುಚ್ಚಿಡಬೇಕು, ಯಾವಾಗ ಸುಮ್ಮನಿರಬೇಕು ಅಂತ ಹೇಳಿಕೊಡುತ್ತೇನೆ. ಹೇಳಿದ್ದನ್ನು ಮರೆತವರು ಹೇಗೋ ಹೋಗಿ ಬರುತ್ತಾರೆ. ಅಕ್ಷರಶಃ ಪಾಲಿಸಿದವರಿಂದಲೇ ನನಗೆ ಫೋನ್ ಬರುವುದು.

೧. ಮಣ್ಣಿನ ಬಣ್ಣ

"ಗಾಢ ಬಣ್ಣ ಬೇಡ, ಖಾಕಿ ಒಳ್ಳೆಯದು" ಅಂದಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಮೈಸೂರಿನ ಕುಟುಂಬದ ಐದೂ ಜನ ಒಂದೇ ಬಟ್ಟೆಯಲ್ಲಿ ಖಾಕಿ ಪ್ಯಾಂಟು, ಖಾಕಿ ಶರ್ಟು ಹೊಲಿಸಿಕೊಂಡು ವಿಮಾನ ನಿಲ್ದಾಣಕ್ಕೆ ಹೋದರು. ಯಜಮಾನರಿಗೆ ದಪ್ಪ ಮೀಸೆ ಬೇರೆ.

ಸ್ವಲ್ಪ ಹೊತ್ತಿಗೆ ಅವರ ಫೋನ್. "ಮೇಡಂ, ಯಾರೋ ಬೆಲ್ಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಕೈ ಮೇಲೆತ್ತಿ ನಿಂತಿದ್ದಾರೆ. ಏನು ಮಾಡಲಿ?"

"ನೀವು ಪೊಲೀಸ್ ಅಲ್ಲ ಅಂತ ಹೇಳಿ ಸರ್."

"ಹೇಳಬಹುದಿತ್ತು. ಆದರೆ ಅವರ ಹಿಂದೆ ಆರು ಜನ ಕ್ಯೂ ನಿಂತಿದ್ದಾರೆ."

೨. ಕೋತಿಗೆ ಹೇಳುವ ಮಾತು

ವಸಂತ್ ಕುಂಜ್‌ನಲ್ಲಿರುವ ಕನ್ನಡದ ಪ್ರೊಫೆಸರರೊಬ್ಬರಿಗೆ, "ಅಲ್ಲಿ ಬಬೂನ್ ಕೋತಿಗಳ ಕಾಟ, ಊಟ ಮುಚ್ಚಿಡಿ" ಅಂದೆ. ಅವರು ನಕ್ಕರು. "ದೆಹಲಿಯವರಿಗೆ ಕೋತಿ ಪಾಠ ಹೇಳ್ತೀರಾ? ನಮ್ಮ ಕ್ಯಾಂಪಸ್ಸಿಗೆ ಕರಿಮೂತಿಯ ಮುಸುವನ ಹಾಗೆ ಕೂಗಿ ಕೋತಿ ಓಡಿಸುವ ಭಯ್ಯಾ ಬರ್ತಾನೆ. ಆ ಕೂಗು ಕಲಿತಿದ್ದೇನೆ."

ಅಲ್ಲಿ ತಿಂಡಿಯ ಹೊತ್ತಿಗೆ ಬಬೂನ್ ಬಂದು ಇವರ ಮೇಜಿನ ಮೇಲೆ ಕುಳಿತಿತು. ಪ್ರೊಫೆಸರರು ಎದ್ದು ನಿಂತು ಶಕ್ತಿಮೀರಿ ಕೂಗಿದರು. ಕೋತಿ ಕದಲಲಿಲ್ಲ. ಸುತ್ತಲಿದ್ದ ಪ್ರವಾಸಿಗರೆಲ್ಲ ತಟ್ಟೆ ಬಿಟ್ಟು ಓಡಿದರು.

ವಾಪಸ್ಸು ಬಂದಮೇಲೆ ಕೇಳಿದೆ. "ಸೋತಿರಾ ಸರ್?"

"ಎಲ್ಲಿಯ ಸೋಲು? ಅದು ನನ್ನ ಬ್ರೆಡ್ ಬಿಟ್ಟು ಅವರೆಲ್ಲರ ಆಮ್ಲೆಟ್ ತಿನ್ನೋಕೆ ಹೋಯಿತು."

೩. ಸುಮ್ಮನಿರುವ ಪಾಠ

ಪೀತಮ್‌ಪುರದ ಒಬ್ಬರು ಕನ್ನಡದ ಆಂಟಿ. ಎಪ್ಪತ್ತು ದಾಟಿದೆ. ಮಾತಿಗೆ ನಿಂತರೆ ಮೆಟ್ರೋದಲ್ಲಿ ಇಳಿಯುವ ಸ್ಟೇಷನ್ ದಾಟಿಹೋಗುತ್ತದೆ. ಸಿಂಹ ಹತ್ತಿರವಿದ್ದಾಗ ಜೀಪಿನಲ್ಲಿ ಪಿಟ್ಟೆನ್ನಬಾರದು ಅಂತ ನಾನು ಹೇಳುತ್ತಿದ್ದಂತೆ ಅವರ ಮಗ ನನ್ನನ್ನು ಪಕ್ಕಕ್ಕೆ ಕರೆದ. "ಅಮ್ಮನಿಂದ ಆಗಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿಬಿಡಿ."

ಅದು ಆಂಟಿಯ ಕಿವಿಗೆ ಬಿತ್ತು. ಅವರ ಮುಖ ಸಣ್ಣದಾಯಿತು. "ನಾನೂ ಒಂದು ಸಲ ಸಿಂಹ ನೋಡಬೇಡವೇನಪ್ಪ?" ಅಂದರು. ನನಗೆ ಮನಸ್ಸು ತಡೆಯಲಿಲ್ಲ. "ಅವರ ಜವಾಬ್ದಾರಿ ನನ್ನದು" ಅಂದುಬಿಟ್ಟೆ.

ಮೂರನೆಯ ದಿನ ಸಿಂಹಿಣಿಯೊಂದು ಬಂದು ಜೀಪಿನ ನೆರಳಿನಲ್ಲಿ, ಸರಿಯಾಗಿ ಆಂಟಿಯ ಕಿಟಕಿಯ ಕೆಳಗೆ ಮಲಗಿತಂತೆ. ಜೊತೆಗೆ ಹೋಗಿದ್ದ ಮಗ ಹೆದರಿ "ಅಮ್ಮಾ" ಅಂದ. ಸೊಸೆ ಬಿಕ್ಕಿದಳು. ಮುಕ್ಕಾಲು ಗಂಟೆ ಆಂಟಿ ಮಾತ್ರ ತುಟಿ ಬಿಚ್ಚದೆ, ಮಗನ ಬೆನ್ನು ಸವರುತ್ತ ಕೂತಿದ್ದರು. ಸಿಂಹಿಣಿ ಎದ್ದು ಹೋದಮೇಲೆ ಡ್ರೈವರ್ ಸೀಟಿನಲ್ಲೇ ಹಿಂದಕ್ಕೆ ತಿರುಗಿ ಅವರಿಗೆ ಸೆಲ್ಯೂಟ್ ಹೊಡೆದನಂತೆ. ಅಂದು ರಾತ್ರಿ ಊಟದ ಮನೆಯಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರಂತೆ.

ವಿಮಾನ ನಿಲ್ದಾಣಕ್ಕೆ ನಾನೇ ಹೂಗುಚ್ಛ ಹಿಡಿದು ಹೋದೆ. "ಆಂಟಿ, ಅಷ್ಟು ಹೊತ್ತು ಅದು ಹೇಗೆ ಸುಮ್ಮನಿದ್ದಿರಿ?"

ಆಂಟಿ ಮಗನ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು. "ನೈರೋಬಿಯಲ್ಲಿ ಒಳ್ಳೆ ಪಾನ್ ಸಿಕ್ಕಿತ್ತು ಕಣಮ್ಮ. ಬಾಯಿ ತುಂಬಾ ರಸ. ಉಗುಳೋಣ ಅಂದರೆ ಕೆಳಗೆ ಅದು ಮಲಗಿತ್ತು."